ಉಡಿ ತುಂಬಿ ಕೊಟ್ಟ ನಾಯಿ

ಕಾಕಾನ್ನ ಮಣ್ಣು ಮಾಡಿ ಬಂದು ಇನ್ನೂ ಕೈಕಾಲು ತೊಳಕೊಂಡಿದ್ದಿಲ್ಲ, ಕಟ್ಟಿ ಮ್ಯಾಲ ಪುರಾಣ ಚಾಲೂ ಆಗಿತ್ತು. “ಎಂಥಾ ಮನುಷ್ಯಾ ಅಂತೀರಿ! ಒಂದು ನಾಯಿ ಸಲುವಾಗಿ ಗೌಡ್ರನ್ನ ಎದುರು ಹಾಕ್ಕೊಂಡಂವ ಈ ಸೀಮ್ಯಾಗ ಇನ್ನೊಬ್ಬ ಯಾಂವ ಅದಾನ್ರಿ?” ಅಂತ ಒಬ್ಬ. “ಮೂಕ ಪ್ರಾಣಿ ಸಂಕಟ ತಿಳಕೊಂಡಂವ, ದೇವರಂಥಾಂವ” ಅಂತ ಇನ್ನೊಬ್ಬ. ಚಾ ಕೊಡಾಕ ಹೋದಾಕಿ ತಾಟು ಅಲ್ಲೇ ಇಟ್ಟು ಮಾರಿ ತಿರುವಿ ಒಳಗ ಬಂದೆ. ಮಂದಿ ಅದನ್ನ ದುಃಖ ಅಂತ ತಿಳಕೊಂಡ್ರು. “ಮಗಳಿದ್ದಂಗ ಇದ್ದಾಕಿ, ಪಾಪ” ಅಂದ್ರು.

ದುಃಖ ಅಲ್ಲೋ ಮಾರಾಯರ, ಸಿಟ್ಟು. ಮೂಕ ಪ್ರಾಣಿ ಸಂಕಟ ಅವನಿಗೆ ತಿಳೀತಿತ್ತು, ಖರೆ. ಬಾಯಿ ಇದ್ದ ಪ್ರಾಣಿದು ತಿಳೀಲಿಲ್ಲ. ಅದನ್ನ ಆ ಕಟ್ಟಿ ಮ್ಯಾಲ ಕುಂತವರು ಒಬ್ಬರೂ ಹೇಳಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರ. ನಾ ಆಡತೇನಿ. ಅಂವ ಇದ್ದಾಗೂ ಆಡೇನಿ, ಅವನ ಮುಖದ ಮುಂದನ ಆಡೇನಿ. ಈಗ ಸತ್ತಾನ ಅಂತ ಸಿಹಿ ಮಾತು ಎಲ್ಲಿಂದ ತರಲಿ?

ನಮ್ಮೂರು ಕುಬಿಹಾಳದ ಬಾಜೂಕ. ಸುತ್ತೆಲ್ಲ ಕರೀ ಮಣ್ಣಿನ ಎರಿ ಹೊಲ, ನಡಕ ಗುಡ್ಡದಂಥಾ ಒಂದು ಬೋಳು ಮಡ್ಡಿ. ನಮ್ಮವ್ವ ಅಪ್ಪ ಇಬ್ಬರೂ ನನಗ ತಿಳುವಳಿಕಿ ಬರೂದಕಿಂತ ಮೊದಲ ತೀರಿಕೊಂಡ್ರು. ಅಪ್ಪನ ತಮ್ಮ ಈ ಕಾಕಾ, ಮತ್ತ ಅವನ ಹೇಂತಿ ಚಿಗವ್ವ, ಇಬ್ಬರೂ ನನ್ನ ಸಾಕಿದ್ರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಒಂದು ಹಿಂಡು ಕುರಿ ಇದ್ದವು, ಒಂದು ಜೋಡಿ ಎತ್ತು, ಮತ್ತ ಎಲ್ಲಾಕಿಂತ ಮೊದಲ ನಾಯಿ.

ಅವು ಊರ ನಾಯಿ ಅಲ್ಲ, ಬ್ಯಾಟಿ ನಾಯಿ. ಮುಧೋಳದ ಕಡೀಂದ ಅವನ ಅಜ್ಜ ತಂದ ತಳಿ. ಉದ್ದ ಮೂತಿ, ಒಳಗ ಜಗ್ಗಿದ ಹೊಟ್ಟಿ, ಹಿಡದ್ರ ಮುರದೀತೇನೋ ಅನ್ನೂವಂಥಾ ನಡಾ. ಪರಊರಿನವರು ನೋಡಿ, “ಕೂಳು ಹಾಕಂಗಿಲ್ಲೇನ್ರಿ ಇವಕ್ಕ?” ಅಂತ ಕೇಳತಿದ್ರು. ಕಾಕಾ ಧೋತರದ ಚುಂಗು ಹಲ್ಲಾಗ ಕಚ್ಚಿ ಅವರನ್ನ ಮ್ಯಾಲಿಂದ ಕೆಳಗಿನ ತನಕಾ ನೋಡಾಂವ. ಮಾತು ಬರದಾಗ ಚುಂಗು ಕಚ್ಚೂದು ಅವನ ಚಟ. ಬೇಕಾದ ಮಾತೆಲ್ಲಾ ಆ ಚುಂಗಿನ್ಯಾಗ ಹಾಕಿ ನುಂಗಿದ, ಜನ್ಮ ಪೂರಾ.

ಮಂದಿಗೆ ಅವನ ಬಾಯಾಗ “ಲೇ” ಬಿಟ್ರ ಬ್ಯಾರೆ ಮಾತಿಲ್ಲ. ನಾಯಿಗೆ ಮಾತ್ರ “ಬಾರವ್ವಾ, ನನ್ನವ್ವಾ, ಬಾ ತಾಯಿ” ಅಂತಿದ್ದ. ಚಿಗವ್ವ ರೊಟ್ಟಿ ಬಡಿಯೂ ಹೊತ್ತಿಗೆ ಅಂವ ಎದ್ದು ನಾಯಿ ಬಿಟ್ಟುಕೊಂಡು ಮಡ್ಡಿಗೆ ಹೋಗಿರತಿದ್ದ. ಸೈಕಲ್ ಮ್ಯಾಲ ಕುಂತು ಮುಂದ ಅಂವ, ಬಾಜೂಕ ಅವು. ಬರಬರತಾ ಅವು ಮುಂದ, ಅಂವ ಹಿಂದ. ಬ್ಯಾಸಗ್ಯಾಗ ಎರಿ ಹೊಲ ಬಾಯಿ ತಗೀತೈತಿ. ಆ ಬಿರುಕಿನ್ಯಾಗ ಕಾಲು ಸಿಕ್ಕರ ಓಡೂ ನಾಯಿ ಕಾಲು ಕಡ್ಡಿ ಮುರದಂಗ ಮುರೀತೈತಿ. ಅದಕ್ಕ ಬ್ಯಾಸಗ್ಯಾಗ ಬಂಡಿ ದಾರೀ ಮ್ಯಾಲಷ್ಟ ಓಡಿಸೂದು. ತಿರುಗಿ ಬಂದ ಮ್ಯಾಲ ಒಂದೊಂದು ಪಂಜಾ ಕೈಯಾಗ ತಗೊಂಡು, ಬೆರಳ ಸಂದಿ ತಗದು, ಜಾಲಿ ಮುಳ್ಳು ಐತೇನೋ ನೋಡಾಂವ. ಆಮ್ಯಾಲ ಮಜ್ಜಿಗಿ ನುಚ್ಚು. ಅವು ಉಂಡ ಮ್ಯಾಲ ಅಂವ ಉಣ್ಣಾಂವ.

ಕುಂದಗೋಳದಾಗ ಅರವಿ ಅಂಗಡಿ ಇಟ್ಟಿದ್ದ ನಮ್ಮ ಬೀಗರೊಬ್ಬರು ಆಶಾ ಪಟ್ಟು ಒಂದು ಮರಿ ಒಯ್ದಿದ್ರು. ಅಂಗಡಿ ಬಾಗಲಕ್ಕ ಕಟ್ಟಿ ಹಾಕಿ, ದಿನಾ ಹಾಲು, ಹೋಳಿಗಿ, ತುಪ್ಪ. ತಿಂಗಳೊಪ್ಪತ್ತಿನ್ಯಾಗ ಬಂದು ಗೋಳಾಡಿದ್ರು: “ಮಾವಾರ, ಹೊಸಾ ಖಣದ ಗಂಟು ಗಂಟ ಹರದು ಹಾಕೇತ್ರಿ! ರೊಕ್ಕದ ಗಲ್ಲೇದ ಕಾಲು ತಿಂದೈತಿ! ಹುಚ್ಚು ಹಿಡದೈತೇನ್ರಿ ಇದಕ್ಕ?” ಕಾಕಾ ಅಡಕಿ ಕಡಕೋತ ಅಂದ: “ಹುಚ್ಚು ನಿನಗ ಹಿಡದೈತಿ. ಕೂಳು ತಪ್ಪಿದ್ರ ಈ ನಾಯಿ ಒಂದಿನ ತಡಕೊಂತೈತಿ. ಓಟ ತಪ್ಪಿದ್ರ ನಿನ್ನ ಮನೀನ ತಿಂತೈತಿ. ಹೋಗಲೇ, ಅದನ್ನ ಕರಕೊಂಡು ದಿನಾ ಕೆರೀ ತನಕಾ ಓಡು. ನಿನ್ನ ಹೊಟ್ಟೀನೂ ಕರಗತೈತಿ.”

ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ಆ ಮಾತು ಮಾತ್ರ ನನಗ ನೆನಪುಳೀತು.

ಓಡೂದನ್ನ ಅವಕ್ಕ ಕಲಸಬೇಕಾಗಿರಲಿಲ್ಲ. ನಿಲ್ಲೂದನ್ನ ಕಲಸಬೇಕಾಗಿತ್ತು. ಮರಿ ಇದ್ದಾಗ ಕುರಿ ಹಿಂಡಿನ್ಯಾಗ ಬಿಡತಿದ್ದ. ಜಿಗಿಯಾಕ ಹೋದ್ರ ಹಳೇ ಕುರಿ ಒಂದು ಹಾಯಿತಿತ್ತು, ಅಲ್ಲಿಗೆ ಪಾಠ ಮುಗೀತಿತ್ತು. ಕಡ್ಲಿ ಹೊಲಕ್ಕ ಚಿಗರಿ ಹಿಂಡು ಬಿದ್ದಾಗ ನಾಯಿ ಬಿಟ್ಟು ಓಡಸತಿದ್ದ. ಅವು ಬೆನ್ನು ಹತ್ತಿ, ಇನ್ನೇನು ಹಿಡದ್ವು ಅನ್ನೂ ಹೊತ್ತಿಗೆ ನಾಲಿಗಿ ಮಡಚಿ ಒಂದು ಸಿಳ್ಳಿ ಹಾಕಾಂವ. ಅಷ್ಟು ಜೋರಿನ್ಯಾಗಿದ್ದ ನಾಯಿ ಧೂಳೆಬ್ಬಿಸಿ ತಿರುಗಿ ಬರತಿದ್ದವು. ಒಮ್ಮೆ ಒಂದು ನಾಯಿ ಸಿಳ್ಳಿಗೆ ಬರಲಿಲ್ಲ. ಊರ ಹೊರಗ ಹೋಗಿ ಯಾರದೋ ಕೋಳಿ ಹಿಡದು, ಹೊತ್ತು ಇಳದ ಮ್ಯಾಲ ಬಾಲಾ ಮಡಚಿಕೊಂಡು ಬಂತು. ನಾ ಕೋಲು ಎತ್ತಿದೆ. ಕಾಕಾ ನನ್ನ ರಟ್ಟಿ ಹಿಡದ.

“ತಿರುಗಿ ಬಂದದ್ದಕ್ಕ ಬಡಿಬಾರದು ಲೇ. ಏನರೆ ತಪ್ಪು ಮಾಡಿ ಬಂದಿರಲಿ, ಬಂದೈತೆಲ್ಲಾ. ಬಂದಾಗ ಬಡದ್ರ ಇನ್ನೊಮ್ಮೆ ಬರಂಗಿಲ್ಲ.”

ಈ ಮಾತು ಹೇಳಿದಂವ ಅವನ. ನೆನಪಿಟ್ಟುಕೋರಿ.

ಆ ದಿನದಾಗ ನನಗ ಜೀವ ಅಂದ್ರ ಸೂಜಿ. ಹೆಣ್ಣು ಮರಿ. ಸಣ್ಣ ಮೂತಿ ನೋಡಿ ನಾನ ಇಟ್ಟ ಹೆಸರು. ಅದರವ್ವ ಹಡದು ಸತ್ತಿತ್ತು. ಬಟ್ಟಿ ತುದಿ ಹಾಲಾಗ ಎದ್ದಿ ಚೀಪಿಸಿ ಬೆಳಸಿದ್ದೆ. ನನ್ನ ಕೌದಿ ಹರದು ಚಿಂದಿ ಮಾಡಿತು, ಚಿಗವ್ವನ ಚಪ್ಪಲಿ ತಿಂತು, ಮಾಳಗಿ ಮ್ಯಾಲ ಒಣಗಾಕ ಹಾಕಿದ ಮೆಣಸಿನಕಾಯಿ ರಾಶ್ಯಾಗ ಹೊಳ್ಳಾಡಿ ಸೀನಿ ಸೀನಿ ಮನಿ ತುಂಬ ಓಡ್ಯಾಡಿತು. ನಾನೂ ಹಂಗ ಇದ್ದೆ. ಸೂಜಿ ಕೂಡ ಮಡ್ಡೀ ತನಕಾ ಸೀರಿ ಎತ್ತಿ ಕಟ್ಟಿ ಓಡಾಕಿ. “ಈ ಮನ್ಯಾಗ ಹುಡುಗಿಗೂ ನಾಯಿಗೂ ಫರಕ ಉಳದಿಲ್ಲ ಬೇ” ಅಂತ ಚಿಗವ್ವ ಹಣಿ ಬಡಕೋತಿದ್ಲು. ಕಾಕಾ ನಗತಿದ್ದ. ನಗೂದು ಬರತಿತ್ತು ಅವನಿಗೆ.

ನಮ್ಮ ಮನ್ಯಾಗ ನಾಯಿ ಮಾರತಿದ್ದಿಲ್ಲ. ಕೊಡತಿದ್ದ. ಹೆಣ್ಣು ಮರಿ ಕೊಡಬೇಕಾದ್ರ ಅದಕ್ಕೊಂದು ಕ್ರಮ ಇತ್ತು. ಒಯ್ಯಾಕ ಬಂದವರ ಟಾವೆಲ್ಲಿನ್ಯಾಗ ಗೋದಿ, ಒಣಕೊಬ್ರಿ ಬಟ್ಟಲ, ಬೆಲ್ಲದ ಹೆಂಟಿ ಹಾಕಿ, ಮಗಳಿಗೆ ತುಂಬಿದಂಗ ಉಡಿ ತುಂಬತಿದ್ದ. ಮರಿ ಹಣಿಗೆ ಕುಂಕುಮ ಹಚ್ಚತಿದ್ದ. ಆಮ್ಯಾಲ ಹೊಚ್ಚಲ ದಾಟಿಸಿ, “ಇನ್ನ ಇದು ನಿಮ್ಮ ಮನೀದು. ನಮ್ಮ ಬಾಗಲಾ ಇದಕ್ಕ ಮುಚ್ಚೇತಿ” ಅಂತಿದ್ದ. ಅವನ ಅಪ್ಪನೂ ಅಂದಿದ್ನಂತ, ಆ ಅಪ್ಪನ ಅಪ್ಪನೂ ಅಂದಿದ್ನಂತ. ಉಡಿ ತುಂಬಿ ಕೊಟ್ಟದ್ದನ್ನ ತಿರುಗಿ ಒಳಗ ಕರಕೊಂಡ್ರ ಮನಿತನದ ಮಾತು ಹೋಗತೈತಿ ಅಂತ.

ಎಂಬತ್ತರ ಇಸ್ವಿ ದಾಟಿದ್ದ ದಿನ ಅವು. ಅಣ್ಣಿಗೇರಿ ಆಚೀಕಿನ ಒಂದೂರಿಂದ ನನಗ ವರ ಬಂತು. ಕಾಕಾ ನೋಡಿ ಬಂದು ಹಿಗ್ಗಿ ಹೀರೀಕಾಯಿ ಆಗಿದ್ದ. ಹುಡುಗ ಹೆಂಗದಾನ ಅಂತ ಚಿಗವ್ವ ಕೇಳಿದ್ರ, “ವಾಡೇದ ಬಾಗಲಾ ನೋಡಬೇಕು ನೀ! ಆನಿ ಹೋಗೂವಂಥಾ ಬಾಗಲಾ!” ಅಂದ. ನಾಯಿ ಮರಿ ಕೇಳಾಕ ಬಂದವರಿಗೆ ಬಯಲು ಐತೇನು, ಓಡಸಾಕ ಮಂದಿ ಅದಾರೇನು, ಮಕ್ಕಳು ಕಲ್ಲು ಹೊಡಿಯಂಗಿಲ್ಲಲ್ಲ ಅಂತ ನೂರು ಪ್ರಶ್ನಿ ಕೇಳೂ ಮನುಷ್ಯಾ, ನನ್ನ ಸಲುವಾಗಿ ಬಾಗಲಾ ಒಂದನ್ನ ನೋಡಿ ಬಂದಿದ್ದ. ದೊಡ್ಡ ಮನಿ ಅಂದ್ರ ಒಳ್ಳೆ ಮನಿ. ಇವರ ತಲ್ಯಾಗ ತುಂಬಿದ್ದು ಅಷ್ಟ. ಆನಿ ಒಳಗ ಹೋಗತೈತಿ ಖರೆ, ಸೊಸಿ ಹೊರಗ ಬರಾಕ ಬಿಡತಾರೋ ಇಲ್ಲೋ ಕೇಳಬೇಕಾಗಿತ್ತಿಲ್ಲೋ?

ಉಡಿ ತುಂಬಿದ್ರು. ಹೊಚ್ಚಲ ದಾಟಿದೆ. ಬೀಗರ ಮುಂದ ಕೈ ಮುಗದು ಕಾಕಾ ಅದ ಮಾತು ಅಂದ: “ಇನ್ನ ಈಕಿ ನಿಮ್ಮ ಮನ್ಯಾಕಿ. ನಮ್ಮ ಬಾಗಲಾ ಈಕಿಗೆ ಮುಚ್ಚೇತಿ.” ಮಂದಿ ತಲಿ ಅಲ್ಲಾಡಿಸಿದ್ರು, ಎಂಥಾ ಮಾತು ಅಂತ. ದಿಬ್ಬಣದ ಲಾರಿ ಹಿಂದ ಸೂಜಿ ಮಡ್ಡೀ ತನಕಾ ಓಡಿ ಬಂತು. ಕಾಕಾ ಸಿಳ್ಳಿ ಹಾಕಿದ, ತಿರುಗಿ ಹೋತು.

ಆ ವಾಡೇದಾಗ ನನ್ನ ಹೊಡದದ್ದನ್ನ ನಾ ಹೇಳಂಗಿಲ್ಲ. ಹೊಡತ ಎಲ್ಲಾರ ಮನ್ಯಾಗೂ ಇರತೈತಿ ಅಂತ ಆಗ ತಿಳಕೊಂಡಿದ್ವಿ, ನಮ್ಮ ಹಣೇಬರಾ. ಕೂಡಿ ಹಾಕಿದ್ದನ್ನ ಹೇಳತೇನಿ. ಬಾವಿಗೆ ಹೋಗೂದು ಇಲ್ಲ, ಹೊಲಕ್ಕ ಹೋಗೂದು ಇಲ್ಲ, ಊರ ಅಗಸಿ ಬಾಗಲಾ ನೋಡೂದು ಇಲ್ಲ. ದೊಡ್ಡ ಮನಿ ಹೆಣ್ಣುಮಕ್ಕಳು ಹೊರಗ ಕಾಣಬಾರದಂತ. ಒಮ್ಮೆ ಕುರಿ ಹೊಡಕೊಂಡು ಹೊಂಟವನ ನಾಯಿಗೆ ಕಿಡಿಕ್ಯಾಗಿಂದ ಸಿಳ್ಳಿ ಹಾಕಿದೆ ಅಂತ ಜ್ವಾಳದ ಖೋಲ್ಯಾಗ ಹಾಕಿ ಕೀಲಿ ಜಡದ್ರು. ಓಟ ತಪ್ಪಿದ್ರ ಮನೀನ ತಿಂತೈತಿ ಅಂದಿದ್ದ ಕಾಕಾ. ತಿನ್ನಾಕ ಮನಿ ನನ್ನ ಬಾಯಿಗೆ ಎಟುಕಲಿಲ್ಲ. ನನ್ನನ್ನ ನಾ ತಿಂದೆ.

ಪಂಚಮಿಗೆ ಕಾಕಾ ಕರಿಯಾಕ ಬಂದ. ತವರಮನ್ಯಾಗ ಜೋಕಾಲಿ ಆಡಿದೆ, ಉಂಡಿ ತಿಂದೆ, ಸೂಜಿ ನನ್ನ ಬಿಟ್ಟು ಅಲ್ಲಾಡಲಿಲ್ಲ. ಹೊಂಡೂ ದಿನ ರಟ್ಟಿ ಮ್ಯಾಲಿನ ಬಾಸುಂಡಿ ತೋರಿಸಿ, “ಹೋಗಂಗಿಲ್ಲ ಕಾಕಾ” ಅಂದೆ. ಚುಂಗು ಬಾಯಿಗೆ ಹೋತು. ಆಮ್ಯಾಲ ಅದನ್ನ ಬಿಟ್ಟು, “ಉಡಿ ತುಂಬಿ ಕೊಟ್ಟದ್ದವ್ವಾ. ಹೊಂದಿಕೊಂಡು ಹೋಗಬೇಕು. ನಾಕು ಮಂದಿ ಏನಂದಾರು?” ಅಂದ. ತಾನ ಬಸ್ಸಿಗೆ ಕರಕೊಂಡು ಬಂದ. ಅಣ್ಣಿಗೇರಿ ಬಸ್ ಸ್ಟ್ಯಾಂಡಿನ್ಯಾಗ ಬಿಸಿ ಬಿಸಿ ಮಿರ್ಚಿ ಭಜಿ ಕೊಡಿಸಿದ. ಕಡಿಯಾಕ ಒಯ್ಯೂ ಕುರಿಗೆ ಸೊಪ್ಪು ತೋರಿಸಿದಂಗ. ಇವತ್ತಿಗೂ ನಾ ಮಿರ್ಚಿ ಮುಟ್ಟಂಗಿಲ್ಲ.

ಆ ದಸರಾಕ್ಕ ಪಕ್ಕದ ಊರಿನ ಗೌಡ್ರು ಜೀಪು ತಗೊಂಡು ಬಂದು ಸೂಜೀನ್ನ ಕೇಳಿದ್ರಂತ. ಗೌಡ್ರು ಅಂಗಳಕ್ಕ ಬಂದಾರ ಅನ್ನೂದ ಸಾಕಾತು ಇವನಿಗೆ. ಬಯಲು ಕೇಳಲಿಲ್ಲ, ಓಡಸಾವರು ಯಾರು ಕೇಳಲಿಲ್ಲ. ಉಡಿ ತುಂಬಿದ, ಕೊಟ್ಟ. ನನ್ನ ಕೂಸು ಅದು. ನನಗೊಂದು ಮಾತು ಕೇಳಲಿಲ್ಲ. ಕೊಟ್ಟ ಹೆಣ್ಣಿಗೆ ಏನು ಕೇಳೂದು?

ಮುಂದ ಚಿಗವ್ವನಿಗೆ ಜ್ವರ ಬಂದೈತಿ ಅಂತ ಸುದ್ದಿ ಬಂದು, ಹೆಂಗೋ ಬಿಡಿಸಿಕೊಂಡು ಬಂದಿದ್ದೆ. ನಡು ಮಧ್ಯಾಹ್ನ, ಅಂಗಳದಾಗ ಕುಂತು ಚಿಗವ್ವಗ ಗಂಜಿ ಕುಡಸಾಕತ್ತಿದ್ದೆ. ಜಣಜಣ ಸಪ್ಪಳಾತು. ನೋಡತೇನಿ, ಸೂಜಿ! ಕೊರಳಾಗ ಹರದ ಸರಪಳಿ. ಎರಿ ಮಣ್ಣು ಹತ್ತಿ ಕಾಲು ಕರ್ರಗ ಆಗ್ಯಾವ, ಓಟ ಇಲ್ಲದ ಹೊಟ್ಟಿ ಜೋತು ಬಿದ್ದೈತಿ. ಜೀಪಿನವರು ಆಕಿನ್ನ ಕಟ್ಟೀ ಮ್ಯಾಲ ಕಂಬಕ್ಕ ಕಟ್ಟಿ, ಬಂದವರಿಗೆ ತೋರಸಾಕ ಇಟಗೊಂಡಿದ್ರು. ಬಂದಾಕಿ ನನ್ನ ಮ್ಯಾಲ ಬಿದ್ದು ಮಾರಿ ನೆಕ್ಕಿದ್ದ ನೆಕ್ಕಿದ್ದು.

ಕಾಕಾ ಕಾಲು ತೊಳದ, ಮುಳ್ಳು ತಗದ, ನುಚ್ಚು ಹಾಕಿದ. ಎಲ್ಲಾ ಛಂದ ಮಾಡಿದ. ಆಮ್ಯಾಲ ಹಗ್ಗಾ ತಗೊಂಡು ಬಂದ.

“ಎಲ್ಲಿಗೆ?” ಅಂದೆ.

“ಗೌಡ್ರ ಮನಿಗೆ. ಕೊಟ್ಟದ್ದು ಕೊಟ್ಟಂಗ. ನೀನೂ ಚೀಲಾ ಹಿಡಕೋ, ಹಾದ್ಯಾಗ ನಿನ್ನನ್ನೂ ಬಸ್ಸಿಗೆ ಹತ್ತಸತೇನಿ. ಚಿಗವ್ವನ ಜ್ವರಾ ಇಳದೈತಿ.”

“ತಿರುಗಿ ಬಂದದ್ದಕ್ಕ ಬಡಿಬಾರದು ಅಂದಿದ್ದಿ.”

“ನಾ ಎಲ್ಲಿ ಬಡದೆ?” ಅಂದ ಆ ಮನುಷ್ಯಾ.

ಹೊಂಟಿವಿ ಮೂರೂ ಜೀವ. ಅವನ ಒಂದು ಕೈಯಾಗ ಸೂಜಿ ಹಗ್ಗಾ, ಇನ್ನೊಂದು ಕೈಯಾಗ ನನ್ನ ಚೀಲಾ. ಹೊಲದಾಗಿದ್ದ ಮಂದಿ, “ಏನೋ, ಎಲ್ಲಿಗೆ ಹೊಂಟೀರಿ ಎಲ್ಲಾರೂ?” ಅಂತ ಕೇಳಿದ್ರ, “ಬಿಟ್ಟು ಬರಾಕ” ಅಂದ. ಗೌಡ್ರ ಕಟ್ಟಿ ಕಂಡ ಕೂಡಲೆ ಸೂಜಿ ಹಾದ್ಯಾಗ ಕುಂತು ಬಿಟ್ಟಳು. ಜಗ್ಗಿದ್ರ ಏಳಲಿಲ್ಲ. ಕಾಕಾ ಎತ್ತಿಕೊಂಡು ಹೋದ. ಆಳುಮಗ ಹೊಸಾ ಸರಪಳಿ ತಂದು ಹಾಕಿದ, ಮೊದಲಿಂದಕಿಂತ ದಪ್ಪಂದು. ಕಾಕಾ ತಿರುಗಿ ನೋಡಲಿಲ್ಲ. ನಾ ನೋಡಿದೆ. ಆಕೀನೂ ನೋಡಿದ್ಲು.

ಸುಗ್ಗಿ ದಿನ ಬಂದ್ವು. ಗಂಡನ ಮನ್ಯಾಗ ಆಳಿಲ್ಲ ಅಂತ ಒಂದಿನ ನನ್ನ ಬಾವಿಗೆ ಕಳಿಸಿದ್ರು. ಬಯಲು ಕಂಡು ಬಾಳ ದಿನಾ ಆಗಿತ್ತು, ಒಂದೀಟು ಹೊತ್ತು ನಿಂತೆ. ತಡಾ ಮಾಡಿದೆ ಅಂತ ಗಂಡ ಅನ್ನಿಸಿಕೊಂಡಂವ ಬಂದು, ಸೇದೂ ಹಗ್ಗಾ ನನ್ನ ಕೊರಳಿಗೆ ಸುತ್ತಿ, ಬಾವಿ ಕಟ್ಟಿಂದ ಹಿತ್ತಲ ತನಕಾ ಜಗ್ಗಿಕೊಂಡು ಬಂದ. ಇದನ್ನ ಬರಿಯೂದು ಬ್ಯಾಡ ಅಂತ ಬಾಳ ವಿಚಾರ ಮಾಡಿದ್ದೆ. ಯಾಕ ಬರೀಬಾರದು? ನಾಯಿ ಕತಿ ಇಡೀ ಸೀಮಿ ಹೇಳತೈತಿ.

ಅದಾಗಿ ವಾರದೊಳಗ ಬಳಿಗಾರ ಬಂದ. ನಮ್ಮೂರ ಕಡೀಂದ ಬಂದಂವ. ಸೆರಗು ಕೊರಳ ತುಂಬ ಹೊತ್ತುಕೊಂಡು ಕೈ ಚಾಚಿ ಕುಂತೆ. ಅತ್ತಿ ಬಾಜೂಕ ಕುಂತಿದ್ಲು. ಬಳಿ ಏರಿಸಿಕೋತ ಅಂವ ಅಂದ: “ನಿಮ್ಮ ಕಾಕಾರ ಸುದ್ದಿ ಕೇಳಿದ್ರಿಲ್ಲರೀ ಅಕ್ಕಾರ? ಊರೂರು ಅದ ಮಾತ್ರಿ! ಗೌಡ್ರಿಗೆ ಕೊಟ್ಟ ನಾಯಿ ಮತ್ತ ಹರಕೊಂಡು ಬಂತ್ರಿ. ಸರಪಳಿ ಕೊರದು ಕೊರದು ಕುತ್ತಿಗಿ ತೊಗಲಾ ಹೋಗಿ ಹುಳಾ ಬಿದ್ದಿದ್ವಂತ. ನಿಮ್ಮ ಕಾಕಾರು ಸರಪಳಿ ಬಿಚ್ಚಿ ಒಯ್ದು, ಗೌಡ್ರ ಕಟ್ಟಿ ಮ್ಯಾಲ ಮಂದ್ಯಾಗ ಒಗದು, ‘ನಿಮ್ಮ ಸರಪಳಿ ನೀವ ಇಟಗೋರಿ. ನಾಯಿ ಬರಂಗಿಲ್ಲ’ ಅಂದು ಬಂದ್ರಂತ್ರಿ! ಉಡಿ ತುಂಬಿದ್ದು ಅಂದ್ರ, ‘ಉಡಿ ಹರದೈತ್ರಿ’ ಅಂದ್ರಂತ! ಎಂಥಾ ಗಂಡಸು ಅಂತೀರಿ!”

“ನಾಯಿ ಸಲುವಾಗಿ?” ಅಂದ್ಲು ಅತ್ತಿ, ನಕ್ಕೋತ. “ಹುಚ್ಚ ಅದಾನ.”

ನನ್ನ ಕೈಯಾಗಿನ ಹಸರ ಬಳಿ ಒಡೀತು. ಬಳಿಗಾರ ತಾನ ಜೋರು ಮಾಡಿದೆ ಅಂತ ತಿಳಕೊಂಡು, “ತಪ್ಪಾತ್ರಿ ಅಕ್ಕಾರ, ತಪ್ಪಾತು” ಅಂದ. ನೋಡ್ರಿ, ಮಾಡಲಾರದ ತಪ್ಪಿಗೆ ಅಂವ ಎರಡೆರಡು ಸರತಿ ತಪ್ಪಾತು ಅಂದ. ಅಷ್ಟು ಸುಲಭ ಐತಿ ಆ ಮಾತು.

ಮರುದಿನ ಎಲ್ಲಾರೂ ಕಣಕ್ಕ ಹೋದಾಗ ಆ ಆನಿ ಬಾಗಲಾ ದೂಡಿ ಹೊರಗ ಬಂದೆ. ಉಟ್ಟ ಸೀರಿ ಬಿಟ್ರ ಬ್ಯಾರೇನೂ ತರಲಿಲ್ಲ. ನಡದೆ. ಹತ್ತಿ ಹೇರಿಕೊಂಡು ಹೊಂಟ ಬಂಡಿಯವರು, ಗಂಡ ಹೇಂತಿ, ನನ್ನ ಮಾರಿ ನೋಡಿ ಏನೂ ಕೇಳದ ಹತ್ತಿಸಿಕೊಂಡ್ರು. ಮತ್ತ ನಡದೆ. ಮರುದಿನ ಬಿಸಿಲೇರಿದ ಮ್ಯಾಲ ನಮ್ಮ ಮಡ್ಡಿ ಕಂಡಿತು. ಅಲ್ಲಿಂದ ಓಡಿದೆ, ಸೀರಿ ಎತ್ತಿ ಕಟ್ಟಿ.

ಪಡಸಾಲ್ಯಾಗ ಸೂಜಿ ಮಲಗಿದ್ಲು. ನನ್ನ ಕೌದಿ ಮ್ಯಾಲ. ಕಾಕಾ ಬೇವಿನೆಣ್ಣ್ಯಾಗ ಅರಿಷಿಣ ಕಲಿಸಿ ಆಕಿ ಕುತ್ತಿಗಿಗೆ ಹಚ್ಚಾಕತ್ತಿದ್ದ. ಒಂದ ಬೆರಳಿಲೆ, ಅಗದೀ ಹಗೂರಕ, “ಆತವ್ವಾ, ಆತು ತಾಯಿ” ಅನಕೋತ. ನನ್ನ ನೋಡಿ, “ಯಾಕ ಬಂದಿ?” ಅಂದ.

ನಾ ಸೆರಗು ತಗದೆ.

“ನನ್ನ ಕುತ್ತಿಗೀನೂ ನೋಡು ಕಾಕಾ. ಇನ್ನೂ ಹುಳಾ ಬಿದ್ದಿಲ್ಲ. ಬೀಳೂ ತನಕಾ ಕಾದು ಬರಬೇಕಾಗಿತ್ತೇನು? ಆವಾಗ ನಿನಗ ಕಾಣತಿತ್ತೇನು?”

ಅವನ ಬೆರಳು ನಿಂತಿತು. ಚಿಗವ್ವ ಅಡಗಿಮನಿ ಬಾಗಲದಾಗ ನಿಂತು ಬಾಯಿಗೆ ಸೆರಗು ಒತ್ತಿದ್ಲು.

“ನಾಯಿಗೆ ಹರೀತು ಉಡಿ. ನನಗ ಯಾಕ ಹರೀಲಿಲ್ಲ? ಹೇಳು. ನಾ ಬೊಗಳಲಿಲ್ಲ ಅಂತೇನು? ತಿರುಗಿ ಬಂದದ್ದಕ್ಕ ಬಡಿಬಾರದು ಅಂತ ನೀನ ಕಲಿಸಿದ್ದಿ. ನನ್ನ ಬಡಿಯೂ ಕೈಗೆ ನೀನ ಒಯ್ದು ಒಯ್ದು ಕೊಟ್ಟಿ. ಮಿರ್ಚಿ ತಿನಿಸಿ ಕೊಟ್ಟಿ!”

ಒದರಿದೆ. ಓಣಿಗೆಲ್ಲ ಕೇಳೂವಂಗ ಒದರಿದೆ. ಅಂವ ಚುಂಗು ಕಚ್ಚಿಕೊಂಡು ಕುಂತ. ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಚಿಗವ್ವ ಬಂದು ನನ್ನ ಕೈ ಹಿಡದು, “ಮೊದಲ ಉಣ್ಣ ಬಾರ ನನ್ನವ್ವಾ” ಅಂತ ಒಳಗ ಕರಕೊಂಡು ಹೋದ್ಲು. ಅಷ್ಟು ವರ್ಷದಾಗ ಆ ಮನ್ಯಾಗ ಗಂಡಸಿನಂಗ ನಡಕೊಂಡಾಕಿ ಆಕಿ ಒಬ್ಬಾಕಿ.

ನಾಕು ದಿನದ ಮ್ಯಾಲ ಗಂಡನ ಕಡೀ ಹಿರ್ಯಾರು ಬಂದ್ರು, ರುಮಾಲು ಸುತ್ತಿಕೊಂಡು, ಕೋಲೂರಿಕೊಂಡು. ಅಗಸಿಗೆ ಬಂದಾರ ಅಂತ ಸುದ್ದಿ ಬಂತು. ಕಾಕಾ ಎದ್ದ. ಈಗರೆ ಎದುರು ನಿಂದರತಾನ ಅಂದುಕೊಂಡೆ ನಾ. ಅಂವ ಸೈಕಲ್ ತಗೊಂಡು, “ನಾಯಿ ಓಡಸೂ ಹೊತ್ತಾತು” ಅಂದು ಹಿತ್ತಲ ಬಾಗಲದಿಂದ ಮಡ್ಡಿಗೆ ನಡದ! ಗೌಡ್ರ ಕಟ್ಟಿ ಮ್ಯಾಲ ಸರಪಳಿ ಒಗದ ಹುಲಿ, ನನ್ನ ಸಲುವಾಗಿ ಕುಂತು ನಾಕು ಮಾತು ಆಡಾಕ ಅಂಜಿ ಓಡಿದ.

ನಾನ ಬಾಗಲದಾಗ ನಿಂತೆ. “ಬರಂಗಿಲ್ಲ” ಅಂದೆ. ಮನಿತನ ಅಂದ್ರು, ಮರ್ಯಾದಿ ಅಂದ್ರು, ಉಡಿ ತುಂಬಿದ್ದು ಅಂದ್ರು. ಸೆರಗು ತಗದು ಕುತ್ತಿಗಿ ತೋರಿಸಿದೆ. ಒಬ್ಬ ಮುದುಕ ನೋಡಲಾರದ ಮಾರಿ ತಿರುವಿದ. ಇನ್ನೊಬ್ಬ ಮುಂದ ಬಂದು ನನ್ನ ರಟ್ಟಿಗೆ ಕೈ ಹಾಕಾಕ ಹೋದ. ಹೊಚ್ಚಲ ಮ್ಯಾಲ ಮಲಗಿದ್ದ ಸೂಜಿ ಎದ್ದು ನಿಂತ್ಲು. ಬೊಗಳಲಿಲ್ಲ. ಹಲ್ಲು ತೋರಿಸಿದ್ಲು ಅಷ್ಟ. ಬಂದ ದಾರಿಗೆ ಸುಂಕ ಇಲ್ಲ ಅಂತ ಹೊಳ್ಳಿ ಹೋದ್ರು.

ಎಲ್ಲಾ ನಾಯಿ ಬಿಟ್ಟುಕೊಂಡು ಹೋದಂವ ಸೂಜಿ ಒಬ್ಬಾಕಿನ್ನ, ಅದೂ ಕಟ್ಟಲಾರದ, ಹೊಚ್ಚಲ ಮ್ಯಾಲ ಬಿಟ್ಟು ಹೋಗಿದ್ದ. ಗಾಯ ಮಾಗಿದ್ದಿಲ್ಲ, ಅದಕ್ಕ ಬಿಟ್ಟಿದ್ನೋ, ನನ್ನ ಸಲುವಾಗಿ ಬಿಟ್ಟಿದ್ನೋ? ಊರಾವರು, “ನೋಡು, ಎಂಥಾ ಶಾಣ್ಯಾ!” ಅಂತಾರ. ನನಗ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗೂವಂಗ ಹೇಳಾಕ ಅವನಿಗೆ ಬಾಯಿ ಇತ್ತು.

ಆಮ್ಯಾಲ ನಾ ಎಲ್ಲಿಗೂ ಹೋಗಲಿಲ್ಲ. ಚಿಗವ್ವ ತೀರಿಕೊಂಡ ಮ್ಯಾಲೂ ಅದ ಮನ್ಯಾಗ ಅವನ ಕೂಡ ಜಗಳಾಡಿಕೋತ ನಾಯಿ ಬೆಳಸಿದೆ. ಸೂಜಿ ಹಡದ್ಲು, ಆಕಿ ಮಕ್ಕಳು ಹಡದ್ವು. ಅವನ ಮೊಣಕಾಲು ಹೋದ ಮ್ಯಾಲ ಸೈಕಲ್ ನಾ ಹೊಡದೆ, ಸಿಳ್ಳಿ ನಾ ಹಾಕಿದೆ. ಮರಿ ಕೇಳಾಕ ಬಂದವರನ್ನ ನಾನ ಕೂಡಿಸಿ ಸವಾಲು ಹಾಕತಿದ್ದೆ. ಪೋಲೀಸನೂ ಹಂಗ ಕೇಳಂಗಿಲ್ಲ ಅಂತ ಮಂದಿ ನಗತಿದ್ರು. ಉಡಿ ಮಾತ್ರ ಕಾಕಾ ತುಂಬತಿದ್ದ. ಗೋದಿ, ಕೊಬ್ರಿ, ಬೆಲ್ಲ ಹಾಕಿ, ಕುಂಕುಮ ಹಚ್ಚಿ, ಮರಿ ಹೊಚ್ಚಲ ದಾಟಿಸಿ, “ಇನ್ನ ಇದು ನಿಮ್ಮ ಮನೀದು” ಅಂತಿದ್ದ. ಅಲ್ಲಿಗೆ ನಿಲ್ಲತಿದ್ದ. ಬಾಗಲಾ ಮುಚ್ಚೇತಿ ಅನ್ನೂ ಮಾತು ಆ ವರ್ಷದಿಂದ ಒಮ್ಮೆಯೂ ಅವನ ಬಾಯಿಂದ ಬರಲಿಲ್ಲ. ಅಷ್ಟು ನುಂಗಿದ. ನನಗ ತಿಳೀತಿತ್ತು. ಕೆಟ್ಟ ಮಾತು ನುಂಗಿದ್ರ ಒಳ್ಳೇ ಮಾತು ಆಡಿದಂಗ ಆತೇನು? ಆಗಂಗಿಲ್ಲ.

ಹಾಸಗಿ ಹಿಡದ ಮ್ಯಾಲ ಒಂದಿನ ಗಂಜಿ ಕುಡಿಸಿ ನೇರಾನೇರ ಕೇಳಿದೆ: “ಕಾಕಾ, ಇನ್ನೇನು ಉಳದೈತಿ. ತಪ್ಪಾತು ಅಂತ ಒಂದು ಮಾತು ಅಂದು ಬಿಡು. ನನ್ನ ಸಿಟ್ಟು ಇಳಸು.” ಧೋತರ ಉಟಗೊಳ್ಳೂ ಶಕ್ತಿ ಹೋಗಿತ್ತು, ಹೊಚ್ಚಿಕೊಂಡ ಕೌದಿ ಅಂಚು ಬಾಯಾಗ ಹಿಡದ. ಕಣ್ಣಾಗ ನೀರು ಬಂತು. ಬಾಯಿ ತಗದ. ನಾ ಬಗ್ಗಿದೆ.

“ನಾಯಿ ಓಡಿಸಿಕೊಂಡು ಬಂದೇನು?” ಅಂದ.

“ಬಂದೆ.”

“ಪಂಜಾ ನೋಡಿದೇನು?”

“ನೋಡಿದೆ ಮಾರಾಯಾ, ನೋಡಿದೆ!” ಅಂತ ಬಟ್ಟಲಾ ಕುಕ್ಕಿ ಎದ್ದು ಬಂದೆ. ಹಿತ್ತಲದಾಗ ನಿಂತು ಅತ್ತೆ. ಮೂರು ದಿನಕ್ಕ ಹೋದ.

ಕಾಕಾನ ದಿನ ಮಾಡಿದ ಮ್ಯಾಲ ಯರಗುಪ್ಪಿ ಕಡೀಂದ ಹರೇದ ರೈತ ಒಬ್ಬ ಬಂದ, ಹೇಂತಿ ಕರಕೊಂಡು. ಹೆಣ್ಣು ಮರಿ ಕೊಡತೇನಿ ಅಂತ ಕಾಕಾ ಮಾತು ಕೊಟ್ಟಿದ್ನಂತ. ಕಟ್ಟಿ ಮ್ಯಾಲ ಅದ ಮಂದಿ ಕುಂತಿತ್ತು, ಅದ ಪುರಾಣ ನಡದಿತ್ತು. “ಇನ್ನ ನೀನ ತುಂಬಬೇಕವ್ವಾ ಉಡಿ. ಹಿರ್ಯಾರು ನಡಸಿಕೊಂಡು ಬಂದ ಪದ್ಧತಿ” ಅಂದ ಒಬ್ಬ ಮುದುಕ.

ತುಂಬಿದೆ. ಗೋದಿ ಹಾಕಿದೆ, ಕೊಬ್ರಿ ಹಾಕಿದೆ, ಬೆಲ್ಲ ಹಾಕಿದೆ. ಮರಿ ಹಣಿಗೆ ಕುಂಕುಮ ಹಚ್ಚಿ ಹೊಚ್ಚಲ ದಾಟಿಸಿ ಆ ಹುಡುಗಿ ಕೈಯಾಗ ಕೊಟ್ಟೆ. “ಇನ್ನ ಇದು ನಿಮ್ಮ ಮನೀದು” ಅಂದೆ. ಕಟ್ಟಿ ಮ್ಯಾಲಿನವರು, ಮುಗೀತು ಅಂತ ಏಳಾಕ ಹತ್ತಿದ್ರು.

“ಕುಂದರ್ರಿ, ಇನ್ನೂ ಮುಗದಿಲ್ಲ” ಅಂದೆ. ಮರೀ ತಲಿ ಮ್ಯಾಲ ಕೈ ಇಟ್ಟು, ಮರಿ ಹಿಡಕೊಂಡಾಕಿ ಮಾರಿ ನೋಡಿ, ಎಲ್ಲಾರಿಗೂ ಕೇಳೂವಂಗ ಅಂದೆ: “ನಮ್ಮ ಬಾಗಲಾ ಇದಕ್ಕ ತಗದ ಇರತೈತಿ. ಯಾವಾಗ ಬಂದ್ರೂ.”

ಇಷ್ಟ ಮಾತು ಇತ್ತು ಕಾಕಾ. ಇಷ್ಟು ಅನ್ನಾಕ ನಿನಗ ಒಂದು ಜನ್ಮ ಸಾಲಲಿಲ್ಲ.